ಒಂದೇ ತೂಕದ ಇಬ್ಬರು

ಸಿಸ್ಟರ್ ಯಶೋದ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ಆಮೇಲೆ ತಳದಲ್ಲಿ ಒಣಗಿ ಅಂಟಿದ್ದ ಕಂದು ಚಕ್ಕೆಯನ್ನು ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟುಕೊಂಡಳು.

"ಏನು ಮಾಡ್ತಿದ್ದೀರಿ?" ಸಬ್ ಇನ್‌ಸ್ಪೆಕ್ಟರ್ ವಿಜಯನ್ ಕುರ್ಚಿಯಿಂದ ಅರ್ಧ ಎದ್ದ. "ಅದು ಸಾಕ್ಷಿ. ಅದರಲ್ಲಿ ವಿಷ ಇರಬಹುದು."

"ಇದ್ದರೆ ನೀವು ನನ್ನನ್ನು ಎತ್ತಿಕೊಂಡು ಹೋಗ್ಬೇಕಾಗುತ್ತೆ ಸಾರ್. ಜೀಪ್ ಹೇಗೂ ನಿಂತಿದೆ." ಅವಳು ನಾಲಿಗೆಯ ಮೇಲಿನ ರುಚಿಯನ್ನು ಕಾದು ನೋಡಿದಳು. "ರಾಗಿ. ಒಂದು ಹನಿ ಜೇನು. ಮತ್ತೇನಿಲ್ಲ."

"ರಾಗಿಯಲ್ಲಿ ಏನು ಬೇಕಾದರೂ ಕಲಸಬಹುದು. ಒಳ್ಳೇದೇ ಆಗಿದ್ದರೆ ಆ ಅಮ್ಮಿಣಿ ಬಟ್ಟಲನ್ನು ಸೌದೆ ರಾಶಿಯ ಹಿಂದೆ ಯಾಕೆ ಬಚ್ಚಿಟ್ಟಳು?"

ಯಶೋದ ಬಟ್ಟಲನ್ನು ಮೇಜಿನ ಮೇಲಿಟ್ಟು ಕಣದ ಕಡೆ ನೋಡಿದಳು.

ವಯನಾಡಿನ ಪನಮರಂ ಹತ್ತಿರದ ಪದ್ಮಪ್ಪನವರ ಮನೆಯ ಜಗಲಿಯಿಂದ ನೋಡಿದರೆ ಇಡೀ ಕಾಫಿ ಕಣ ಕಾಣುತ್ತಿತ್ತು. ಬಿಸಿಲಿಗೆ ಹರಡಿದ ಕಾಫಿ ಹಣ್ಣಿನ ನಡುವೆ ಪೊಲೀಸ್ ಜೀಪು ನಿಂತಿತ್ತು. ಅದರ ಚಕ್ರಕ್ಕೆ ಬೆನ್ನು ಕೊಟ್ಟು ಅಮ್ಮಿಣಿ ಕೂತಿದ್ದಳು. ಅವಳ ಕೈಗಳನ್ನು ಕಾಫಿ ಮೂಟೆ ಕಟ್ಟುವ ಹುರಿಯಿಂದ ಮುಂದಕ್ಕೆ ಕಟ್ಟಿದ್ದರು.

ಪದ್ಮಪ್ಪನವರ ಮೊಮ್ಮಗಳು, ಒಂಬತ್ತು ವರ್ಷದ ವಿಮಲ, ನಿನ್ನೆಯಿಂದ ಘಾಟಿ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಕಣ್ಣು ಹಳದಿಯಾಗಿ ಮಂಪರಿನಲ್ಲಿ ಮಲಗಿದ್ದಳು. ಅವಳನ್ನು ಎತ್ತಿ ಆಡಿಸಿ ಬೆಳೆಸಿದ ಆದಿವಾಸಿ ಕಾಲೊನಿಯ ಆಯಾ ಅಮ್ಮಿಣಿಯೇ ವಿಷ ಹಾಕಿದಳು ಎಂಬುದು ವಿಜಯನ್‌ನ ತೀರ್ಮಾನ.

ತೀರ್ಮಾನಕ್ಕೆ ಅವನು ಬಹಳ ದೂರ ಹೋಗಬೇಕಾಗಿರಲಿಲ್ಲ. ಅಮ್ಮಿಣಿಯ ಗಂಡ ಕುಳ್ಳನ್ ಭೂಮಿಯ ಗಲಾಟೆಯಲ್ಲಿ ಕೆಂಪು ಬಾವುಟ ಹಿಡಿದು ಕಾಡು ಸೇರಿ ಎಂಟು ತಿಂಗಳಾಗಿತ್ತು. ಪುಲ್ಪಳ್ಳಿ ಪೊಲೀಸ್ ಠಾಣೆಯ ಮೇಲೆ ಕೆಂಪು ಬಾವುಟದವರ ದಾಳಿಯಾಗಿ ಎರಡು ವರ್ಷ ಕಳೆದಿದ್ದರೂ ಜಮೀನಿದ್ದವರ ಮನೆಗಳಲ್ಲಿ ಇನ್ನೂ ಸಂಜೆ ಐದಕ್ಕೇ ಬಾಗಿಲಿಗೆ ಅಗುಳಿ ಬೀಳುತ್ತಿತ್ತು. ಗಂಡ ಕಾಡಿನಲ್ಲಿ, ಹೆಂಡತಿ ಜಮೀನ್ದಾರರ ಅಡುಗೆಮನೆಯಲ್ಲಿ. ಇದಕ್ಕಿಂತ ಹೆಚ್ಚು ಯಾರಿಗೆ ಬೇಕು?

"ಹನ್ನೆರಡಕ್ಕೆ ಹೊರಡ್ತೇನೆ," ಎಂದ ವಿಜಯನ್. ಅವನ ಕನ್ನಡದಲ್ಲಿ ಮಲಯಾಳದ ಎಳೆತ ಇತ್ತು. "ಅಷ್ಟರಲ್ಲಿ ನೀವು ಏನು ನೋಡಬೇಕೋ ನೋಡಿ. ಮಗುವಿನ ಕಣ್ಣು ಹಳದಿಯಾದದ್ದನ್ನು ಮೊದಲು ನೋಡಿದ ನರ್ಸ್ ನೀವು ಅಂತ ಇಷ್ಟು ಮರ್ಯಾದೆ."

ಗಡಿಯಾರ ಹತ್ತು ಗಂಟೆ ತೋರಿಸುತ್ತಿತ್ತು.

ಹೋಗುವುದು ಗುಡ್ಡದಾಚೆಯ ಪೊಲೀಸ್ ಕ್ಯಾಂಪಿಗೆ. ಹೋದ ಮಳೆಗಾಲದಲ್ಲಿ ಅಲ್ಲಿಗೆ ಒಯ್ದ ಇಬ್ಬರು ಹೆಂಗಸರಲ್ಲಿ ಒಬ್ಬಳು ವಾಪಸು ಬರಲಿಲ್ಲ. ಬಂದವಳು ಈವರೆಗೆ ಬಾಯಿ ಬಿಟ್ಟಿಲ್ಲ.

ಯಶೋದ ಕಣಕ್ಕಿಳಿದು ಅಮ್ಮಿಣಿಯ ಎದುರು ಕುಕ್ಕರಗಾಲಿನಲ್ಲಿ ಕೂತಳು. ಪೇದೆ ಎರಡು ಹೆಜ್ಜೆ ದೂರ ಸರಿದ.

"ನೀರು ಕುಡಿದ್ಯಾ?"

"ಬ್ಯಾಡ ಅಕ್ಕ. ಮೋಳು ಹ್ಯಾಂಗಿದೆ? ಕೂಸು ಕಣ್ಣು ಬಿಡ್ತಾ?"

"ಇನ್ನೂ ಮೂರು ದಿನ ಕಾಯ್ಬೇಕು ಅಂದ್ರಂತೆ ಡಾಕ್ಟ್ರು. ಅಮ್ಮಿಣೀ, ಆ ಬಟ್ಟಲು."

ಅಮ್ಮಿಣಿ ಮುಖ ಪಕ್ಕಕ್ಕೆ ತಿರುಗಿಸಿದಳು.

"ಸಂಜೆ ಹೊತ್ತು ನೀನು ಕದ್ದು ಕೊಡೋದನ್ನ ಹಾಲಿನವ ನೋಡಿದ್ದಾನೆ. ಮೂರು ಸಂಜೆ. ಏನು ಅಂತ ನೀನು ಹೇಳ್ದಿದ್ರೆ ಅವರೇ ಒಂದು ಹೆಸರು ಇಡ್ತಾರೆ."

"ಹೇಳಕ್ಕಾಗಲ್ಲೆ."

"ಹನ್ನೆರಡಕ್ಕೆ ಜೀಪು ಹೊರಡುತ್ತೆ."

"ಹೊರಡ್ಲಿ. ಮೋಳಿಗೆ ಆಣೆ ಇಟ್ಟಿದೀನಿ, ಅಜ್ಜಿಗೆ ಹೇಳಲ್ಲೆ ಅಂತ."

ಯಶೋದಳಿಗೆ ಆಗ ಅರ್ಥವಾಯಿತು. ಇದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಇಲ್ಲಿ ಯಾರೂ ಅನ್ನದ ಅಗುಳು ಮುಟ್ಟುವುದಿಲ್ಲ. ಮಕ್ಕಳಿಗೆ ರಿಯಾಯಿತಿ ಕೊಡುವವರೂ ಇದ್ದಾರೆ. ಈ ಮನೆಯ ಅಜ್ಜಿ ಕೊಡುವವರಲ್ಲ.

"ಹಸಿವಾಗಿತ್ತು ಮಗುಗೆ. ಅಷ್ಟೇ ತಾನೇ?"

ಅಮ್ಮಿಣಿ ಕಟ್ಟಿದ ಕೈಗಳಿಂದ ಮುಖ ಒರೆಸಿಕೊಂಡಳು.

"ಹಗಲೆಲ್ಲ ಜ್ವರ ಅಕ್ಕ, ಒಂದು ತುತ್ತು ಇಳೀತಿರ್ಲಿಲ್ಲೆ. ಸಂಜೆ ಜ್ವರ ಇಳಿದ್ರೆ ಹೊಟ್ಟೆ ಹಿಡ್ಕೊಂಡು ಅಳೋದು. 'ಅಮ್ಮಿಣೀ, ಅಜ್ಜಿಗೆ ಹೇಳ್ಬ್ಯಾಡ' ಅಂತ ಕೈ ಮುಗೀತು. ಇಷ್ಟು ದಪ್ಪ ಕೈ, ಇಷ್ಟು ಚಿಕ್ಕ ಬೆರಳು. ನಂಗೆ ತಡ್ಯಕಾಗ್ಲಿಲ್ಲೆ. ತೆಳ್ಳಗೆ ರಾಗಿ ಗಂಜಿ ಮಾಡಿ ಕೊಟ್ಟೆ. ಅಷ್ಟೇ."

"ಅಷ್ಟು ಹೇಳೋಕೆ ಹಗ್ಗ ಕಟ್ಟಿಸ್ಕೊಂಡ್ಯಾ?"

"ಆಣೆ ಅಲ್ವಾ."

ಯಶೋದ ಇನ್ನಷ್ಟು ಹತ್ತಿರ ಸರಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು. "ಮಾತ್ರೆ ಯಾರು ಕೊಡ್ತಿದ್ರು?"

"ನಾನೇ. ಗೋದಾಮಿನ ಔಷಧದ ಕೋಣೆಯ ಗೋವಿಂದೇಟ್ಟ ನನ್ನ ಕೈಗೇ ಡಬ್ಬಿ ಕೊಟ್ಟ. ದಿನಕ್ಕೆ ನಾಲ್ಕು ಸಲ, ಎರಡೆರಡು. ಹೊತ್ತು ಮುಳುಗೋದ್ರೊಳಗೆ ನಾಲ್ಕೂ ಮುಗೀಬೇಕು ಅಂತ ಅಜ್ಜಿ ಎದುರಿಗೇ ನಿಂತು ನುಂಗಿಸೋರು."

"ಎರಡೆರಡಾ?"

"ಹೂಂ. ಎರಡೆರಡು."

ಅದು ದೊಡ್ಡವರ ಲೆಕ್ಕ. ಯಶೋದ ತಟ್ಟನೆ ಎದ್ದು ಮನೆಯ ಕಡೆ ನಡೆದಳು.

ಒಳಮನೆಯಲ್ಲಿ ಅಜ್ಜಿ ಡಬ್ಬಿಯನ್ನು ತಾವಾಗಿಯೇ ತಂದು ಕೊಟ್ಟರು. ಬೆಳ್ಳಗಿನ ದುಂಡು ಮಾತ್ರೆಗಳು. ನೋವಿಗೂ ಜ್ವರಕ್ಕೂ ಕೊಡುವ ಪ್ಯಾರಾಸಿಟಮಾಲ್. ನಲವತ್ತು ಕೊಟ್ಟಿದ್ದರಂತೆ. ಉಳಿದದ್ದು ಆರು. ಅಂದರೆ ನಾಲ್ಕು ದಿನ ಪೂರ್ತಿ, ಐದನೆಯ ಬೆಳಿಗ್ಗೆ ಇನ್ನೆರಡು. ಆಮೇಲೆ ವಾಂತಿ ಹಿಡಿದಿತ್ತು.

"ಒಂದೂ ತಪ್ಪಿಸಿಲ್ಲ ಕಣಮ್ಮ," ಎಂದರು ಅಜ್ಜಿ. "ನನ್ನ ಎರಡು ಮಕ್ಕಳು ಇದೇ ಮನೆಯಲ್ಲಿ ಮಲೇರಿಯಾಕ್ಕೆ ಹೋದವು. ಎಲುಬು ಎಣಿಸೋ ಹಾಗಿದ್ದವು. ಇವಳಾದ್ರೂ ದುಂಡಗೆ ಇರ್ಲಿ ಅಂತ ತುಪ್ಪ ಬಿಟ್ಟು ಬಿಟ್ಟು ಬೆಳೆಸ್ದೆ. ಈ ಕೈಯಲ್ಲೇ."

ಯಶೋದ ಆ ಕೈಯನ್ನು ಒಮ್ಮೆ ಮುಟ್ಟಿ ಹೊರಗೆ ಬಂದಳು.

"ಮಾತ್ರೆ, ಸಾರ್," ಎಂದಳು ವಿಜಯನ್‌ನ ಮೇಜಿನ ಮೇಲೆ ಡಬ್ಬಿ ಇಟ್ಟು.

ಅವನು ನಕ್ಕ. ಕೆಟ್ಟ ನಗೆಯಲ್ಲ, ದಣಿದವನ ನಗೆ. "ನಾನು ಅಷ್ಟು ದಡ್ಡ ಅಂದ್ಕೊಂಡ್ರಾ? ಮೊದಲು ನೋಡಿದ್ದೇ ಅದನ್ನ." ಕಣದ ಕಡೆಗೆ ಕೈ ಬೀಸಿದ. "ಏ ತಂಗಮ್ಮ, ಬಾ ಇಲ್ಲಿ."

ಕಾಫಿ ಹರವುತ್ತಿದ್ದ ಹೆಂಗಸೊಬ್ಬಳು ಗೋರುಮಣೆ ಕೆಳಗಿಟ್ಟು ಬಂದಳು. ನಲವತ್ತರ ಆಸುಪಾಸು. ಬಿಸಿಲಿಗೆ ಕಪ್ಪಾದ ತೋಳುಗಳಲ್ಲಿ ನರಗಳು ಹುರಿಯ ಹಾಗೆ ಎದ್ದು ನಿಂತಿದ್ದವು.

"ನಿನಗೂ ಅದೇ ಜ್ವರ ಬಂದಿತ್ತಲ್ಲ? ಏನು ತಗೊಂಡೆ?"

"ಇದೇ ಬಿಳಿ ಗುಳಿಗೆ ಸಾರೇ. ಎರಡೆರಡು, ನಾಲ್ಕು ಹೊತ್ತು, ಐದು ದಿನ. ಆರನೇ ದಿನ ಕೆಲಸಕ್ಕೆ ಬಂದೆ. ಕೂತ್ರೆ ಕೂಲಿ ಯಾರ್ ಕೊಡ್ತಾರೆ, ನೀವಾ?"

"ಹೊಟ್ಟೆನೋವು, ವಾಂತಿ?"

"ಹಸಿವು ಬಂತು. ಅದೂ ಒಂದು ರೋಗ ಅಂದ್ರೆ ಹೌದು, ಬಂತು."

ಪೇದೆ ಮೀಸೆಯೊಳಗೆ ನಕ್ಕ. ವಿಜಯನ್ ಯಶೋದಳ ಕಡೆ ತಿರುಗಿದ. "ಒಂದೇ ಬಾಟಲಿಯ ಮಾತ್ರೆ. ಒಂದೇ ಲೆಕ್ಕ. ಇವಳು ಕಲ್ಲಿನ ಹಾಗೆ ನಿಂತಿದ್ದಾಳೆ. ಹಾಗಾದ್ರೆ ಮಗುವಿಗೆ ಬೇರೆ ಏನೋ ಬಿದ್ದಿದೆ. ಅದು ಆ ಬಟ್ಟಲಲ್ಲೇ ಇತ್ತು."

"ತೂಕವೂ ಒಂದೇ," ಎಂದಳು ತಂಗಮ್ಮ, ಯಾರೂ ಕೇಳದಿದ್ದರೂ. "ಗೋದಾಮಿನ ತಕ್ಕಡೀಲಿ ಒಂದು ಕಡೆ ನಾನು, ಒಂದು ಕಡೆ ವಿಮಲ ಚಿಕ್ಕಮ್ಮನೋರು. ಇಬ್ರೂ ನಲವತ್ತೆಂಟು ಕಿಲೋ, ಮುಳ್ಳು ನಟ್ಟ ನಡುವೆ ನಿಂತಿತ್ತು. ಎಲ್ರೂ ನಕ್ಕಿದ್ದೇ ನಕ್ಕಿದ್ದು. ಪಾಪ, ಆ ಕೂಸು ನಾಚಿ ನನ್ನ ಸೆರಗಲ್ಲಿ ಮುಖ ಮುಚ್ಕೊಂಡಿತ್ತು."

"ತೂಗಿದ್ದು ಯಾರು?" ಎಂದಳು ಯಶೋದ.

"ಗೋವಿಂದೇಟ್ಟ. ಮತ್ಯಾರು?"

ಯಶೋದ ತಂಗಮ್ಮನನ್ನೇ ನೋಡುತ್ತ ನಿಂತಳು. ಈ ನಲವತ್ತೆಂಟು ಕಿಲೋದಲ್ಲಿ ಇರುವುದು ಎಲುಬು, ಮೂಟೆ ಹೊತ್ತ ಮಾಂಸಖಂಡ, ನಲವತ್ತು ವರ್ಷ ಬೆಳೆದ ಲಿವರ್. ಆ ನಲವತ್ತೆಂಟರಲ್ಲಿ ಇರುವುದು ಒಂಬತ್ತು ವರ್ಷದ ಒಂದು ಚಿಕ್ಕ ಮಗು. ಮಿಕ್ಕಿದ್ದು ಅದರ ಸುತ್ತ ಸುತ್ತಿದ ತುಪ್ಪದ ಪ್ರೀತಿ.

ಕೊಬ್ಬು ತಕ್ಕಡಿಯ ಮೇಲೆ ಭಾರ ಹಾಕುತ್ತದೆ. ಮಾತ್ರೆಯ ಭಾರ ಹೊರಲು ಅದು ಬರುವುದಿಲ್ಲ. ನುಂಗಿದ್ದನ್ನೆಲ್ಲ ಅರಗಿಸಿ ಹೊರಹಾಕಬೇಕಾದ್ದು ಪುಟ್ಟ ಲಿವರ್. ಶಾಲೆಯಲ್ಲಿ ಮಕ್ಕಳನ್ನು ಪರೀಕ್ಷೆ ಮಾಡಿದ ದಿನ ವಿಮಲಳ ಪಕ್ಕೆಲುಬಿನ ಕೆಳಗೆ ಅದರ ಅಂಚು ಯಶೋದಳ ಬೆರಳಿಗೆ ಸಿಕ್ಕಿತ್ತು. ಬಂದಿದ್ದ ಡಾಕ್ಟರೂ ಮುಟ್ಟಿ ನೋಡಿ, ಲಿವರಿಗೇ ಕೊಬ್ಬು ಹಿಡಿದಿದೆ, ಊಟದಲ್ಲಿ ತುಪ್ಪ ಕಡಿಮೆ ಮಾಡಿ ಎಂದಿದ್ದರು. ಮೊದಲೇ ಬಳಲಿದ ಅಂಗ. ಅದರ ಮೇಲೆ ಜ್ವರ, ಉಪವಾಸ. ಆರು ಗಂಟೆಗೊಮ್ಮೆ ಕೊಡಬೇಕಾದ್ದನ್ನು ಹಗಲೊಳಗೇ ಒತ್ತಿ ಒತ್ತಿ ನುಂಗಿಸಿದ್ದು. ಈ ಮಾತ್ರೆ ಅತಿಯಾದರೆ ಮೊದಲು ಹೋಗುವುದು ಲಿವರೇ ಎಂದು ತರಬೇತಿಯಲ್ಲಿ ಹೇಳಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು.

ಹಾಗಾದರೆ ಆ ಗಂಜಿ ವಿಷವಲ್ಲ. ಆ ಮಗುವಿನ ಹೊಟ್ಟೆಗೆ ಆ ದಿನಗಳಲ್ಲಿ ಬಿದ್ದ ಒಳ್ಳೆಯದು ಅದೊಂದೇ.

"ಸಾರ್, ಒಂದು ಗಂಟೆ ಕೊಡಿ."

ವಿಜಯನ್ ಕೈಗಡಿಯಾರ ನೋಡಿದ. "ಐವತ್ತು ನಿಮಿಷ ಇದೆ. ನಂದಲ್ಲ, ಜೀಪಿನದು."

ಔಷಧದ ಕೋಣೆ ಇದ್ದದ್ದು ಕಾಫಿ ಗೋದಾಮಿನ ಕೊನೆಯಲ್ಲಿ. ಸುತ್ತಲಿನ ತೋಟದವರು ಸೇರಿ ಕೂಲಿಯವರಿಗೆಂದು ಇಟ್ಟದ್ದು. ಕಂಪೌಂಡರ್ ಗೋವಿಂದನ್, ಊರಿಗೆಲ್ಲ ಗೋವಿಂದೇಟ್ಟ, ಸೀಮೆಎಣ್ಣೆ ಸ್ಟೋವಿನ ಮೇಲೆ ಸೂಜಿ ಕುದಿಸುತ್ತಿದ್ದ. ಹದಿನೈದು ವರ್ಷದಿಂದ ಅವನ ಅಂಗಿಯಲ್ಲಿ ಒಂದು ಕಲೆ ಕಂಡವರಿಲ್ಲ.

"ಬನ್ನಿ ಸಿಸ್ಟರೇ. ಚಾಯ ಹಾಕ್ಲಾ?"

"ಗೋವಿಂದೇಟ್ಟಾ, ಒಂಬತ್ತು ವರ್ಷದ ಮಗುವಿಗೆ ಈ ಮಾತ್ರೆ ಹೊತ್ತಿಗೆ ಎಷ್ಟು?"

"ಅರ್ಧ."

"ವಿಮಲಳಿಗೆ ಎಷ್ಟು ಹೇಳಿದ್ರಿ?"

ಚಿಮಟದಲ್ಲಿ ಹಿಡಿದ ಸೂಜಿ ನೀರಿನ ಮೇಲೆಯೇ ನಿಂತಿತು. "ಎರಡು."

ಅವನು ಸುಳ್ಳು ಹೇಳುತ್ತಾನೆ, ಜಗಳ ಆಡಬೇಕಾಗುತ್ತದೆ ಎಂದುಕೊಂಡೇ ಬಂದಿದ್ದಳು. ಅಷ್ಟು ಸುಲಭವಾಗಿ ಬಂದ ಉತ್ತರ ಅವಳನ್ನು ತಬ್ಬಿಬ್ಬು ಮಾಡಿತು.

"ಮಗು ಅಂತ ಕಣ್ಣಿಗೆ ಕಾಣಲಿಲ್ವಾ ನಿಮಗೆ?"

"ಕಾಣದೆ ಏನು? ಕೈಯಲ್ಲಿ ಬತ್ತಾಸು ಹಿಡ್ಕೊಂಡು ನಿಂತಿತ್ತು. ನನಗೂ ಅನುಮಾನ ಬಂತು. ಅದಕ್ಕೇ ಡ್ರಾಯರ್ ತೆಗೆದು ಇನ್ನೊಂದು ಸಲ ಓದಿದೆ."

"ಏನು ಓದಿದ್ರಿ?"

ಅವನು ಸ್ಟೋವಿನ ಉರಿ ತಗ್ಗಿಸಿ, ಕೈ ಒರೆಸಿಕೊಂಡು, ಮೇಜಿನ ಡ್ರಾಯರ್ ಎಳೆದ. ಮಡಿಕೆಯಲ್ಲಿ ಸವೆದ ಒಂದು ಹಾಳೆಯನ್ನು ಅವಳ ಮುಂದೆ ಬಿಡಿಸಿಟ್ಟ. ಮಲಯಾಳದಲ್ಲಿ ಬರೆದದ್ದು. ಕನ್ನಡ ಶಾಲೆಯಲ್ಲಿ ಕಲಿತವರ ದುಂಡು ಕೈ.

'ಮಕ್ಕಳಿಗೆ ಔಷಧ ಕೊಡುವಾಗ ವಯಸ್ಸು ಕೇಳಬೇಡಿ. ತೂಗಿ ನೋಡಿ. ತೂಕ ಎಷ್ಟೋ ಔಷಧ ಅಷ್ಟು. ಈ ನಿಯಮವನ್ನು ಯಾರಿಗಾಗಿಯೂ ಮುರಿಯಬೇಡಿ.'

ಯಶೋದ ಎರಡನೆಯ ಸಲ ಓದಲಿಲ್ಲ. ಓದುವ ಅಗತ್ಯ ಇರಲಿಲ್ಲ. ಬರೆದವಳು ಅವಳೇ.

ಎರಡು ವರ್ಷದ ಹಿಂದೆ ಕಾಲೊನಿಯ ಗುಂಡನ ಮಗಳಿಗೆ ಜ್ವರ ಬಂದಿತ್ತು. ಏಳು ವರ್ಷ. ವಯಸ್ಸು ನೋಡಿ ಔಷಧ ಕೊಟ್ಟಿದ್ದರು. ಆದರೆ ಆ ಮಗುವಿನ ತೂಕ ಹನ್ನೊಂದು ಕಿಲೋ. ಮೂರು ರಾತ್ರಿ ಮೂರು ಹಗಲು ಯಶೋದಳ ಮಡಿಲಲ್ಲಿ ಅದು ಕಣ್ಣು ಬಿಡದೆ ಮಲಗಿತ್ತು. ನಾಲ್ಕನೆಯ ದಿನ ಕಣ್ಣು ಬಿಟ್ಟು ನೀರು ಕೇಳಿತು. ಅವತ್ತೇ ಅವಳು ಈ ಹಾಳೆ ಬರೆದು ಸುತ್ತಲಿನ ಔಷಧದ ಕೋಣೆಗಳಿಗೆಲ್ಲ ಹಂಚಿದ್ದಳು. ಆಮೇಲೆ ಕಾಲೊನಿಯ ಒಂದು ಮಗುವಿಗೂ ಔಷಧ ಹೆಚ್ಚಾಗಿರಲಿಲ್ಲ.

ಬರೆಯುವಾಗ ಅವಳ ಕಣ್ಣ ಮುಂದೆ ಇದ್ದದ್ದು ಹಸಿದ ಮಕ್ಕಳು. ಈ ವಯನಾಡಿನಲ್ಲಿ ತಿಂದು ದಪ್ಪಗಾದ ಮಗುವೊಂದು ಅದೇ ತಕ್ಕಡಿ ಏರಬಹುದು ಎಂದು ಅವಳಿಗೆ ಹೊಳೆದೇ ಇರಲಿಲ್ಲ.

"ಇಷ್ಟು ದಿನ ಅದು ತಪ್ಪಲಿಲ್ಲ ಸಿಸ್ಟರೇ," ಎಂದ ಗೋವಿಂದನ್. "ಆ ಹಾಳೆಯನ್ನ ನಾನು ದೇವರ ಪಟದ ಹಾಗೆ ಇಟ್ಕೊಂಡಿದ್ದೆ."

"ನೀವು ನನ್ನನ್ನ ಒಂದು ಮಾತು ಕೇಳ್ಬಹುದಿತ್ತು."

"ನೀವು ಅವತ್ತು ತೃಶ್ಶಿಲೇರಿಗೆ ಹೆರಿಗೆ ಮಾಡಿಸೋಕೆ ಹೋಗಿದ್ರಿ." ಅವನು ಬಾಗಿಲ ಕಡೆ ನೋಡಿ ದನಿ ಇಳಿಸಿದ. "ಒಲೆ ಉರೀತಾ ಇದೆ. ನೀವು ಆ ಕಡೆ ತಿರುಗಿ. ಹಾಳೆ ಸುಟ್ಟು ಬೂದಿ ಆಗೋಕೆ ಎರಡು ನಿಮಿಷ ಸಾಕು."

"ಅಮ್ಮಿಣಿ?"

"ಎರಡು ದಿನ ಇಟ್ಕೊಂಡು ಬಿಡ್ತಾರೆ."

"ಅದನ್ನ ನೀವು ನಂಬ್ತೀರಾ?"

ಅವನು ಚಿಮಟ ಕೈಗೆತ್ತಿಕೊಂಡ. ಸೂಜಿಗಳನ್ನು ಒಂದೊಂದಾಗಿ ಬಟ್ಟೆಯ ಮೇಲೆ ಜೋಡಿಸಿದ. "ನಿಮ್ಮನ್ನ ಕೆಲಸದಿಂದ ತೆಗೆದ್ರೆ ಕಾಲೊನಿಗೆ ಇನ್ಯಾರು ಹೋಗ್ತಾರೆ? ಮಳೆಗಾಲದಲ್ಲಿ ಸೊಂಟದವರೆಗೆ ನೀರಲ್ಲಿ ನಡೆದು ಹೋದ ನರ್ಸನ್ನ ನಾನು ಒಬ್ಬರನ್ನೇ ನೋಡಿದ್ದು. ನನಗೂ ಮೂರು ಹೆಣ್ಣುಮಕ್ಕಳು. ಯೋಚನೆ ಮಾಡಿ ಸಿಸ್ಟರೇ. ಒಬ್ಬಳಿಗೋಸ್ಕರ ಎಷ್ಟು ಜನ."

ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಅದೇ ಅವಳಿಗೆ ಭಯ ಹುಟ್ಟಿಸಿತು. ಇನ್ನೊಂದು ನಿಮಿಷ ಅಲ್ಲಿ ನಿಂತರೆ ತಾನು ಆ ಕಡೆ ತಿರುಗಿಬಿಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

ಅವಳು ಹಾಳೆಯನ್ನು ಮಡಿಸಿಕೊಂಡು ಹೊರಗೆ ನಡೆದಳು. ಹಿಂದಿನಿಂದ ಗೋವಿಂದನ್ ಒಂದು ಸಲ ಕರೆದ. ಅವಳು ನಿಲ್ಲಲಿಲ್ಲ.

ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಅಮ್ಮಿಣಿಯನ್ನು ಆಗಲೇ ಎಬ್ಬಿಸಿ ಜೀಪಿನ ಹಿಂದೆ ನಿಲ್ಲಿಸಿದ್ದರು.

ವಿಜಯನ್ ನಿಂತುಕೊಂಡೇ ಹಾಳೆ ಓದಿದ. ಯಶೋದ ಎಲ್ಲವನ್ನೂ ಹೇಳಿದಳು. ಮಗುವಿನ ಲಿವರು, ತಕ್ಕಡಿ, ಎರಡೆರಡು ಮಾತ್ರೆ, ರಾಗಿ ಗಂಜಿ. ಕೊನೆಗೆ, "ಇದು ನನ್ನ ಕೈಬರಹ. ತಪ್ಪು ನಂದು. ಅವಳ ಹಗ್ಗ ಬಿಚ್ಚಿಸಿ," ಎಂದಳು.

ಅವನು ಬಹಳ ಹೊತ್ತು ಅವಳ ಮುಖ ನೋಡಿದ. ನಂಬಿದ್ದಾನೆ ಎಂದು ಅವಳಿಗೆ ಅನಿಸಿತು.

"ಇದರಲ್ಲಿ ತಾರೀಖಿಲ್ಲ, ಸಹಿ ಇಲ್ಲ. ಈ ಹೆಂಗಸನ್ನ ಬಿಡಿಸೋಕೆ ಈಗಷ್ಟೇ ಬರೆದು ತಂದ್ರಿ ಅಂತ ಮೇಲಿನವರು ಕೇಳಿದ್ರೆ ನಾನೇನು ಹೇಳ್ಲಿ?"

"ಗೋವಿಂದೇಟ್ಟನನ್ನ ಕೇಳಿ. ಅವರ ಡ್ರಾಯರಲ್ಲಿ ಇದ್ದದ್ದು."

"ಸರಿ. ಅವನು ಹೌದು ಅಂದ್ರೆ ಹಗ್ಗ ನಾನೇ ಬಿಚ್ತೇನೆ." ಅವನು ಪೇದೆಗೆ ಕಣ್ಸನ್ನೆ ಮಾಡಿದ.

ಗೋವಿಂದನ್ ಬಂದ. ಕೈ ಒರೆಸುತ್ತಲೇ ಬಂದ. ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಕಾಫಿ ತುಳಿಯದಂತೆ ಕಾಲು ಎತ್ತಿಟ್ಟು ಬಂದು ನಿಂತ.

"ಈ ಹಾಳೆ ನಿನ್ನ ಹತ್ತಿರ ಇತ್ತಾ?"

ಅವನು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸು ಕೊಟ್ಟ. "ಇಲ್ಲ ಸಾರ್. ನಾನು ಇದನ್ನ ಇವತ್ತೇ ನೋಡ್ತಿರೋದು."

"ಗೋವಿಂದೇಟ್ಟಾ," ಎಂದಳು ಯಶೋದ.

ಅವನು ಅವಳ ಕಡೆ ತಿರುಗಿದ. ಆ ಕಣ್ಣಲ್ಲಿ ಇದ್ದದ್ದು ಕರುಣೆಯೋ ಭಯವೋ ಅವಳಿಗೆ ತಿಳಿಯಲಿಲ್ಲ. "ಸಿಸ್ಟರ್ ಒಳ್ಳೆಯವರು ಸಾರ್. ಕಾಲೊನಿಯವರು ಅಂದ್ರೆ ಅವರಿಗೆ ಕರುಳು. ಅದಕ್ಕೇ ತಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದಾರೆ."

"ಮಗುವಿಗೆ ಎಷ್ಟು ಮಾತ್ರೆ ಹೇಳಿದೆ?"

"ಅರ್ಧ. ಒಂಬತ್ತು ವರ್ಷಕ್ಕೆ ಅರ್ಧ."

"ನಲವತ್ತು ಕೊಟ್ಟಿದ್ದೀಯಲ್ಲ?"

"ಮನೆಯಲ್ಲಿ ಬೇರೆಯವರಿಗೂ ಜ್ವರ ಬಂದ್ರೆ ಇರ್ಲಿ ಅಂತ."

"ತೂಗಿದ್ದು?"

"ತಮಾಷೆಗೆ ಸಾರ್. ಎಲ್ಲರೂ ನಗ್ತಾ ಇದ್ರು, ತಂಗಮ್ಮನನ್ನೇ ಕೇಳಿ. ಮಾತ್ರೆ ಈ ಅಮ್ಮಿಣಿ ಕೈಗೆ ಕೊಟ್ಟು ಬಾಯಲ್ಲಿ ಅರ್ಧ ಅಂತ ಹೇಳಿದೆ. ಇವಳು ಯಾಕೆ ಎರಡು ಕೊಟ್ಟಳು ಅಂತ ನನಗೆ ಹೇಗೆ ಗೊತ್ತು?"

ವಿಜಯನ್ ನಿಧಾನವಾಗಿ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. "ಇಷ್ಟು ಹೊತ್ತು ನನಗೆ ವಿಷ ಯಾವುದು ಅಂತ ಗೊತ್ತಿರಲಿಲ್ಲ ಸಿಸ್ಟರ್. ನೀವೇ ಹುಡುಕಿ ಕೊಟ್ಟಿರಿ. ಕೊಟ್ಟ ಕೈ ಯಾವುದು ಅಂತಲೂ ಈಗ ಸಾಕ್ಷಿ ಸಿಕ್ಕಿತು."

ಡ್ರೈವರ್ ಕೀಲಿ ತಿರುಗಿಸಿದ. ಜೀಪು ಒಮ್ಮೆ ಕೆಮ್ಮಿ ಶುರುವಾಯಿತು.

ಅಮ್ಮಿಣಿ ಹತ್ತಲಿಲ್ಲ. ಕಟ್ಟಿದ ಎರಡು ಕೈಗಳನ್ನೂ ಎದೆಯ ಮಟ್ಟಕ್ಕೆ ಎತ್ತಿ, ಹುರಿಯ ನಡುವಿನಿಂದ ಬಲಗೈಯ ಎರಡು ಬೆರಳನ್ನು ಬಿಡಿಸಿ ಗೋವಿಂದನ್‌ಗೆ ತೋರಿಸಿದಳು.

"ಹೀಂಗೆ ತೋರ್ಸಿದ್ದೆ ನೀನು," ಎಂದಳು ಮೆಲ್ಲಗೆ. "ಎಣಿಸಕ್ಕೆ ಬರಲ್ಲೆ ಅಂದಿದ್ದಕ್ಕೆ ಹೀಂಗೆ ಬೆರಳು ಹಿಡಿದು ತೋರ್ಸಿದ್ದೆ, ಗೋವಿಂದೇಟ್ಟಾ."

ಗೋವಿಂದನ್ ಕಾಫಿ ತುಳಿಯದಂತೆ ನೆಲ ನೋಡುತ್ತ, ತನ್ನ ಚಪ್ಪಲಿಯ ಕಡೆಗೆ ನಡೆದ.